ಎಂಟು ಲೋಟ, ಎಪ್ಪತ್ತು ಬಗೆ

ಚೆಟ್ಟಳ್ಳಿಯ ಆ ಮನೆಯಲ್ಲಿ ಪೀಬೆರಿಗೆ ಬೇರೆಯೇ ಡಬ್ಬ. ಮನೆಬಳಕೆಗೆಂದು ಇಟ್ಟುಕೊಂಡ ಅರೇಬಿಕಾ ಬೀಜದ ಸಿಪ್ಪೆ ಬಿಡಿಸಿ ಮೊರಕ್ಕೆ ಹಾಕಿದರೆ, ನನ್ನ ಗೆಳೆಯನ ತಾಯಿ ಕಿಟಕಿಯ ಬೆಳಕಿಗೆ ಕೂತು ದುಂಡು ಬೀಜಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡುತ್ತಾರೆ. ಆ ಕಾಫಿ ನೆಂಟರಿಗೆ, ಹಬ್ಬಕ್ಕೆ. ‘ಚಪ್ಪಟೆ ಬೀಜದ್ದು ಕೊಟ್ಟರೆ ಒಂದೇ ಗುಟುಕಿಗೆ ನನಗೆ ಗೊತ್ತಾಗ್ತದೆ’ ಅನ್ನುವುದು ಅವರ ಮಾತು. ಅರವತ್ತು ವರ್ಷ ತೋಟದ ಕಾಫಿ ಕುಡಿದ ನಾಲಿಗೆ. ಸುಮ್ಮನೆ ತಳ್ಳಿಹಾಕುವ ಮಾತಲ್ಲ.

ಅವರ ಮೊಮ್ಮಗಳು ಮಡಿಕೇರಿಯಲ್ಲಿ ಪದವಿಯ ಮೊದಲ ವರ್ಷದಲ್ಲಿದ್ದಾಳೆ. ಸಂಖ್ಯಾಶಾಸ್ತ್ರ ತೆಗೆದುಕೊಂಡಿದ್ದಾಳೆ, ಸಂಭವನೀಯತೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದಾಳೆ. ‘ಅಂಕಲ್, ನಾಣ್ಯ ಚಿಮ್ಮೋದು, ದಾಳ ಉರುಳಿಸೋದು, ಚೀಲದಿಂದ ಕೆಂಪು ಚೆಂಡು ತೆಗೆಯೋದು. ಇದೆಲ್ಲ ಯಾರಿಗೆ ಬೇಕು?’ ಅಂತ ಕೇಳಿದಳು. ನಾನು ಪುಸ್ತಕ ಮುಚ್ಚಿಸಿ, ಅಜ್ಜಿಯ ಪೀಬೆರಿ ಡಬ್ಬ ತರಲು ಹೇಳಿದೆ.

ಕಾಫಿ ಹೂವಿನ ಅಂಡಾಶಯದಲ್ಲಿ ಎರಡು ಕೋಣೆ, ಕೋಣೆಗೊಂದು ಅಂಡಾಣು. ಎರಡೂ ಕಟ್ಟಿದರೆ ಹಣ್ಣಿನೊಳಗೆ ಎರಡು ಬೀಜ ಬೆನ್ನುಜ್ಜಿಕೊಂಡು ಬೆಳೆಯುತ್ತವೆ; ತಾಗುವ ಬದಿ ಚಪ್ಪಟೆಯಾಗುತ್ತದೆ. ಒಂದು ಕಟ್ಟದೆ ಹೋದರೆ ಉಳಿದದ್ದು ಇಡೀ ಜಾಗ ತನ್ನದಾಗಿಸಿಕೊಂಡು ದುಂಡಗಾಗುತ್ತದೆ. ಅದೇ ಪೀಬೆರಿ. ತಳಿ, ಹೂ ಅರಳಿದಾಗಿನ ಹವೆ, ಪರಾಗ ಸೇರಿದ ಬಗೆ, ಇವುಗಳ ಮೇಲೆ ಅದರ ಪ್ರಮಾಣ ಏರಿಳಿಯುತ್ತದೆ. ಲೆಕ್ಕಕ್ಕೆ ಹತ್ತಕ್ಕೊಂದು ಹಣ್ಣು ಪೀಬೆರಿ ಎಂದಿಟ್ಟುಕೊಳ್ಳೋಣ. ‘ಹಾಗಾದರೆ ಎಲ್ಲೆಲ್ಲಿಂದಲೋ ಹತ್ತು ಹಣ್ಣು ಕಿತ್ತರೆ ಒಂದಾದರೂ ಸಿಗಬೇಕಲ್ಲ?’ ಎಂದಳು ಹುಡುಗಿ. ಸಿಗಬೇಕಾಗಿಲ್ಲ. ಒಂದು ಹಣ್ಣು ಪೀಬೆರಿ ಅಲ್ಲದಿರುವ ಸಂಭವ 0.9. ಹತ್ತೂ ಅಲ್ಲದಿರಲು 0.9 ಅನ್ನು ಹತ್ತು ಸಲ ಗುಣಿಸಬೇಕು. ಬರುವುದು ಸುಮಾರು 0.35. ಮೂರು ಸಲ ಕಿತ್ತರೆ ಒಂದು ಸಲ ಬರಿಗೈ. ಹತ್ತು ಹಣ್ಣು ಬಿಡಿಸಿ ನೋಡಿ ‘ಈ ತೋಟದಲ್ಲಿ ಪೀಬೆರಿಯೇ ಇಲ್ಲ’ ಎಂದು ತೀರ್ಪು ಕೊಡುವವರನ್ನು ನಾನು ಕಂಡಿದ್ದೇನೆ.

ಇನ್ನು ಅಜ್ಜಿಯ ನಾಲಿಗೆಯ ವಿಚಾರ. ಎರಡು ಲೋಟ ಇಟ್ಟು ಯಾವುದು ಪೀಬೆರಿ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳಿದವರೂ ಅರ್ಧ ಸಲ ಗೆಲ್ಲುತ್ತಾರೆ. ಸರಿಯುತ್ತರ ಬಂದರೆ ಸಾಲದು, ಅದೃಷ್ಟದಿಂದ ಅಷ್ಟು ಸುಲಭಕ್ಕೆ ಬರದಂತಹ ಸರಿಯುತ್ತರ ಬೇಕು. ಇದಕ್ಕೆ ಒಂದು ಹಳೆಯ ಕಟ್ಟಳೆಯಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಹಾಲು ಮೊದಲು ಹಾಕಿದರೋ ಚಹಾ ಮೊದಲು ಹಾಕಿದರೋ ಎಂಬುದು ತನಗೆ ರುಚಿಯಲ್ಲೇ ತಿಳಿಯುತ್ತದೆ ಎಂದರು. ಸಹೋದ್ಯೋಗಿ ರೊನಾಲ್ಡ್ ಫಿಶರ್ ಅದನ್ನು ನಕ್ಕು ಬಿಡದೆ ಪರೀಕ್ಷೆಯಾಗಿ ಕಟ್ಟಿದರು. 1935ರ ತಮ್ಮ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪುಸ್ತಕದಲ್ಲಿ ಅದನ್ನೇ ವಿಸ್ತರಿಸಿ ಬರೆದರು. ಎಂಟು ಬಟ್ಟಲು, ನಾಲ್ಕು ಹೀಗೆ, ನಾಲ್ಕು ಹಾಗೆ. ಕುಡಿಯುವವರಿಗೆ ನಾಲ್ಕು-ನಾಲ್ಕು ಎಂಬುದು ಗೊತ್ತು, ಯಾವುದು ಯಾವುದೆಂದು ಗೊತ್ತಿಲ್ಲ.

ಎಂಟರಲ್ಲಿ ನಾಲ್ಕನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಹುಡುಗಿಗೆ ಸೂತ್ರ ಬಾಯಿಪಾಠವಿತ್ತು, ಅದು ಎಲ್ಲಿಯದೆಂದು ಗೊತ್ತಿರಲಿಲ್ಲ. ಈ ಸೂತ್ರವನ್ನು ಯಾವ ಸಂಖ್ಯೆಗೂ ಹೊಂದುವಂತೆ ಹೇಳಿದವರು ನಮ್ಮ ಮಹಾವೀರಾಚಾರ್ಯರು. ಸುಮಾರು ಕ್ರಿ.ಶ. 850ರಲ್ಲಿ, ‘ಕವಿರಾಜಮಾರ್ಗ’ ಹುಟ್ಟಿದ ಅದೇ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ ಬರೆದವರು. ಅವರು ಕೊಟ್ಟ ಉದಾಹರಣೆ ಕೇಳಿದರೆ ರುಚಿಯ ಬಗ್ಗೆ ಬರೆಯುವ ನನ್ನಂಥವನಿಗೆ ಮೈ ಜುಮ್ಮೆನ್ನುತ್ತದೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರಸಗಳಿಂದ ಎಷ್ಟು ಬೆರಕೆಗಳಾಗುತ್ತವೆ? ಒಂಟಿ ಆರು, ಜೋಡಿ ಹದಿನೈದು, ಮೂರರವು ಇಪ್ಪತ್ತು, ನಾಲ್ಕರವು ಹದಿನೈದು, ಐದರವು ಆರು, ಎಲ್ಲ ಸೇರಿದ್ದು ಒಂದು, ಒಟ್ಟು 63. ಅವರ ರೀತಿಯಲ್ಲೇ ನಮ್ಮ ಲೋಟಗಳ ಲೆಕ್ಕ: ಮೇಲೆ 8, 7, 6, 5ರ ಗುಣಲಬ್ಧ 1680, ಕೆಳಗೆ 1, 2, 3, 4ರ ಗುಣಲಬ್ಧ 24. ಭಾಗಿಸಿದರೆ 70. ಬರೀ ಊಹೆಯಿಂದ ಎಂಟೂ ಸರಿಯಾಗುವ ಸಂಭವ ಎಪ್ಪತ್ತರಲ್ಲಿ ಒಂದು.

ಆದರೆ ಈ ‘ಎಪ್ಪತ್ತರಲ್ಲಿ ಒಂದು’ ನಿಜವಾಗಬೇಕಾದರೆ ಎಪ್ಪತ್ತು ಬಗೆಗಳಿಗೂ ಸಮ ಅವಕಾಶವಿರಬೇಕು. ಪಠ್ಯಪುಸ್ತಕ ‘ಸಮಸಂಭವ’ ಎಂದು ಒಂದು ಪದದಲ್ಲಿ ದಾಟಿಬಿಡುವ ಈ ಜಾಗದಲ್ಲೇ ಅರ್ಧ ದಿನ ಹೋಗುತ್ತದೆ, ಹೋಗಲೇಬೇಕು. ಮೊದಲು ಗೆಳೆಯ ಎರಡು ಪಾತ್ರೆಯಲ್ಲಿ ಡಿಕಾಕ್ಷನ್ ಇಳಿಸಿ ನಾಲ್ಕು ನಾಲ್ಕು ಲೋಟಕ್ಕೆ ಹಂಚೋಣ ಎಂದ. ಬೇಡವೆಂದೆ. ಒಂದು ಪಾತ್ರೆಯ ನೀರು ತುಸು ಹೆಚ್ಚು ಕುದಿದಿದ್ದರೆ ಅದರ ನಾಲ್ಕೂ ಲೋಟ ಒಂದೇ ರುಚಿಯವಾಗುತ್ತವೆ. ಆಗ ಅಜ್ಜಿ ಗುರುತಿಸಿದ್ದು ಪೀಬೆರಿಯನ್ನೋ ಪಾತ್ರೆಯನ್ನೋ ಹೇಳಲಾಗದು. ಹಾಗಾಗಿ ಲೋಟಕ್ಕೊಂದರಂತೆ ಎಂಟು ಸಲ ತೂಗಿದೆವು. ಕಾಫಿ ರುಚಿ ನೋಡುವವರು ಬಳಸುವ ಅಳತೆಯೇ ಆಗಲಿ ಎಂದು 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ. ಒಂದೇ ದಿನ, ಒಂದೇ ಬಾಣಲೆಯಲ್ಲಿ, ಒಂದೇ ಬಣ್ಣಕ್ಕೆ ಬರುವಂತೆ ಹುರಿದ ಬೀಜ. ನಾಲ್ಕು ನಿಮಿಷ ನೆನೆದ ಮೇಲೆ ಕೆನೆಯಂತೆ ಮೇಲೆ ಕಟ್ಟಿದ ಪುಡಿಯನ್ನು ಚಮಚದಲ್ಲಿ ಸರಿಸಿದ್ದು. ಹಾಲಿಲ್ಲ, ಬೆಲ್ಲವಿಲ್ಲ.

ಸಾಲು ಯಾರು ಕಟ್ಟಬೇಕು? ಮನುಷ್ಯ ಮನಸ್ಸಿನಿಂದ ಕಟ್ಟಿದ ಸಾಲಿನಲ್ಲಿ ಒಂದೇ ಜಾತಿಯ ಮೂರು ಲೋಟ ಒಟ್ಟಿಗೆ ಬರುವುದು ಅಪರೂಪ. ನಮಗೆ ಅದು ‘ಬೆರೆಸಿದಂತೆ’ ಕಾಣುವುದಿಲ್ಲ. ಅಜ್ಜಿಗೆ ಮಗನ ಸ್ವಭಾವ ಚೆನ್ನಾಗಿ ಗೊತ್ತು. ಆದ್ದರಿಂದ ಎಂಟು ಚೀಟಿ ಮಡಿಸಿ ಸ್ಟೀಲ್ ಡಬ್ಬದಲ್ಲಿ ಕುಲುಕಿ ಹುಡುಗಿ ಎತ್ತಿದಳು. ಅಡುಗೆಮನೆಯಲ್ಲಿ ಕಾಫಿ ಮಾಡಿದವರು ಹೊರಗೆ ಬರಲಿಲ್ಲ. ಲೋಟ ತಂದಿಟ್ಟವನಿಗೆ ಒಳಗಿನ ಗುಟ್ಟು ತಿಳಿದಿರಲಿಲ್ಲ. ಮುಖ ನೋಡಿ ಓದುವುದಕ್ಕೂ ಅವಕಾಶವಿಲ್ಲ.

ಅಜ್ಜಿ ಅವಸರ ಮಾಡಲಿಲ್ಲ. ಪ್ರತಿ ಲೋಟದ ನಡುವೆ ಬಿಸಿನೀರು ಮುಕ್ಕಳಿಸಿದರು, ಮೂರನೆಯದಕ್ಕೆ ಎರಡು ಸಲ ಮರಳಿದರು. ಕೊನೆಗೆ ನಾಲ್ಕು ಲೋಟ ಬಲಕ್ಕೆ ಸರಿಸಿ ‘ಇವು’ ಎಂದರು. ಚೀಟಿ ಬಿಚ್ಚಿದರೆ ನಾಲ್ಕರಲ್ಲಿ ಮೂರು ಪೀಬೆರಿ. ಎಡಕ್ಕೆ ಉಳಿದವುಗಳಲ್ಲೂ ಒಂದೇ ತಪ್ಪು. ಎಂಟಕ್ಕೆ ಆರು! ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಸರದಿಯಲ್ಲಿ ಬಂದದ್ದು ಎಂಟಕ್ಕೆ ನಾಲ್ಕು.

ಹುಡುಗಿಯ ಕೈಗೆ ಪೆನ್ಸಿಲ್ ಬಂದದ್ದು ಆಗಲೇ. ನಾಲ್ಕು ಪೀಬೆರಿಯಲ್ಲಿ ಮೂರನ್ನು ಆರಿಸಲು ನಾಲ್ಕು ಬಗೆ, ನಾಲ್ಕು ಚಪ್ಪಟೆಯಲ್ಲಿ ತಪ್ಪಾಗಿ ಒಂದನ್ನು ಸೇರಿಸಲು ನಾಲ್ಕು ಬಗೆ, ಗುಣಿಸಿದರೆ 16. ಎರಡು-ಎರಡು ಸರಿಯಾಗುವುದು ಆರು ಗುಣಿಸು ಆರು, 36. ಒಂದೇ ಸರಿಯಾಗುವುದು ಮತ್ತೆ 16. ಪೂರ್ತಿ ಸರಿ 1, ಪೂರ್ತಿ ತಪ್ಪು 1. ಕೂಡಿಸಿದಳು, ಎಪ್ಪತ್ತು ಬಂತು, ಮುಖ ಅರಳಿತು. ಅಜ್ಜಿಯಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಬರೀ ಊಹೆಯಿಂದ ಹೇಳುವ ಸಂಭವ 16 ಕೂಡಿಸು 1, ಅಂದರೆ ಎಪ್ಪತ್ತರಲ್ಲಿ ಹದಿನೇಳು. ಹತ್ತಿರ ಹತ್ತಿರ ನಾಲ್ಕಕ್ಕೊಂದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜೀ, ಇದು ಸಾಕಾಗಲ್ಲ’ ಎಂದಳು.

ಅದಕ್ಕಿಂತ ಮುಖ್ಯವಾದದ್ದು ಮುಂದಿನ ಲೆಕ್ಕ. ಆ ಸಂಜೆ ಮನೆಯಲ್ಲಿದ್ದವರು ಎಂಟು ಮಂದಿ. ಎಲ್ಲರೂ ಕುಡಿದು ಊಹಿಸಿದ್ದರೆ? ಒಬ್ಬರು ಆರು ಮುಟ್ಟದಿರುವ ಸಂಭವ 53/70. ಎಂಟೂ ಜನ ಮುಟ್ಟದಿರಲು ಅದನ್ನೇ ಎಂಟು ಸಲ ಗುಣಿಸಿದರೆ 0.11ರ ಸುತ್ತ. ಒಂದರಿಂದ ಕಳೆದರೆ 0.89. ಯಾರಿಗೂ ಏನೂ ತಿಳಿಯದಿದ್ದರೂ, ಹತ್ತರಲ್ಲಿ ಒಂಬತ್ತು ಸಂಜೆಗಳಲ್ಲಿ ಆ ಜಗಲಿಯ ಮೇಲೆ ಒಬ್ಬ ‘ರುಚಿ ಪಂಡಿತ’ ಹುಟ್ಟಿಕೊಳ್ಳುತ್ತಾನೆ. ನಮ್ಮ ಕಾಫಿ ಲೋಕದಲ್ಲಿ ಇಂಥ ಪಾಂಡಿತ್ಯಗಳು ಎಷ್ಟಿವೆಯೋ ಎಂದು ನನಗೆ ನಿಜಕ್ಕೂ ಕಳವಳವಾಗುತ್ತದೆ, ಯಾಕೆಂದರೆ ಅವುಗಳ ಮೇಲೆ ಬೆಲೆ ನಿಲ್ಲುತ್ತದೆ, ಬೆಳೆದವರ ದುಡಿಮೆ ನಿಲ್ಲುತ್ತದೆ. ಈ ಚೆಟ್ಟಳ್ಳಿಯಲ್ಲೇ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಗಿಡದ ವಿಷಯದಲ್ಲಿ ಹೊಸ ತಳಿಯನ್ನು ಸಾಲು ಸಾಲು ನೆಟ್ಟು ಹೋಲಿಸಿ ನೋಡದೆ ಯಾರೂ ಮಾತಾಡುವುದಿಲ್ಲ. ಲೋಟದ ವಿಷಯದಲ್ಲೂ ಅದೇ ಶಿಸ್ತು ಬೇಕೆಂದು ನಾನು ಕೇಳುವುದು.

ಹುಡುಗಿಗೆ ಇನ್ನೊಬ್ಬರ ಹೆಸರೂ ಹೇಳಿದೆ. ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಕೋಲ್ಕತ್ತದಲ್ಲಿ ಮಹಲನೋಬಿಸ್ ಅವರ ಸಂಸ್ಥೆ ಸೇರಿ, ಅಲ್ಲಿಂದ ಕೇಂಬ್ರಿಜ್‌ಗೆ ಹೋಗಿ, 1948ರಲ್ಲಿ ಇದೇ ಫಿಶರರ ಕೈಕೆಳಗೆ ಡಾಕ್ಟರೇಟ್ ಪಡೆದವರು. ನೂರಾ ಎರಡು ವರ್ಷ ಬಾಳಿ 2023ರಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಿತ್ತು. ಚಹಾ ಬಟ್ಟಲಿನ ಆ ಮೇಷ್ಟರ ಬಳಿ ಹಡಗಲಿಯ ಹುಡುಗನೊಬ್ಬ ಕಲಿತನೆಂಬುದು ಅವಳಿಗೆ ತುಂಬ ಹಿಡಿಸಿತು.

ಅಜ್ಜಿ ಬೇಸರಪಟ್ಟುಕೊಂಡರೇ? ಇಲ್ಲ. ‘ಎಂಟು ಕಡಿಮೆ ಆಯ್ತು ಅಂತ ತಾನೇ ನೀನು ಹೇಳೋದು? ಹಾಗಾದರೆ ಜಾಸ್ತಿ ಇಡು’ ಎಂದರು. ಪರೀಕ್ಷೆಯ ಕೊರತೆ ಇದ್ದದ್ದು ಅಲ್ಲೇ. ಎಂಟು ಲೋಟದ ಪರೀಕ್ಷೆಯಲ್ಲಿ ಪೂರ್ತಿ ಸರಿಯಾದರೆ ಮಾತ್ರ ಮಾತಿಗೆ ಬೆಲೆ. ಒಳ್ಳೆಯ ನಾಲಿಗೆಯೂ ಒಮ್ಮೆ ತಪ್ಪಬಾರದೆಂದರೆ ಅದು ಅನ್ಯಾಯ. ಹನ್ನೆರಡು ಲೋಟ, ಆರು-ಆರು ಆದರೆ ಬಗೆಗಳು 924. ಒಂದು ಜೋಡಿ ಅದಲುಬದಲಾಗುವುದು ಆರು ಗುಣಿಸು ಆರು, 36; ಪೂರ್ತಿ ಸರಿ ಒಂದು. 924ರಲ್ಲಿ 37 ಅಂದರೆ ನೂರಕ್ಕೆ ನಾಲ್ಕು. ಆಗ ಒಂದು ಎಡವಟ್ಟಾದರೂ ನಾಲಿಗೆಯ ಮಾತನ್ನು ನಂಬಲು ಆಧಾರ ಉಳಿಯುತ್ತದೆ.

ಇಷ್ಟು ಹೊತ್ತಿಗೆ ಕತ್ತಲಾಗಿತ್ತು. ಪೀಬೆರಿ ಡಬ್ಬದಲ್ಲಿ ಇನ್ನು ಉಳಿದದ್ದು ಎರಡು ಹಿಡಿ. ಆರು ಲೋಟಕ್ಕೆ ಬೇಕಾದದ್ದು ಐವತ್ತು ಗ್ರಾಂ. ಹುರಿದರೆ ತೂಕ ಇಳಿಯುತ್ತದೆಂದು ಅಜ್ಜಿ ಮೊರ ತರಿಸಿ, ದೀಪದ ಕೆಳಗೆ ಮತ್ತೆ ಆರಿಸಲು ಕೂತರು. ಮೊಮ್ಮಗಳು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಹನ್ನೆರಡು ಚೀಟಿ ಮಾಡುತ್ತಿದ್ದಳು.