ಒಂಬತ್ತನೆಯ ತರಗತಿಯ ಓದುಗರಿಗೆ ಒಂದು ಸಾಹಸ ಬೇಕಾಗಿದೆ

ಹದಿಮೂರರಿಂದ ಹದಿನೇಳರ ನಡುವಿನ ವಯಸ್ಸನ್ನು ಕನ್ನಡ ಪುಸ್ತಕಲೋಕ ಸರಿಯಾಗಿ ಗಮನಿಸಿಯೇ ಇಲ್ಲ. ಅದಕ್ಕಿಂತ ಕೆಳಗಿನವರಿಗೆ ಶಿಶುಪ್ರಾಸ, ಪ್ರಾಣಿಗಳ ಕಥೆ, ನೀತಿಕಥೆಗಳಿವೆ. ಮೇಲಿನವರಿಗೆ ಕಾದಂಬರಿಗಳ ದೊಡ್ಡ ಕಪಾಟಿದೆ. ನಡುವೆ ನಿಂತವರಿಗೆ ನಾವು ಕೊಡುವುದು ಎಸ್ಸೆಸ್ಸೆಲ್ಸಿ ಗೈಡು, ಮಹಾಪುರುಷರ ಜೀವನಚರಿತ್ರೆ ಮತ್ತು ಸಾಮಾನ್ಯ ಜ್ಞಾನದ ಪುಸ್ತಕ. ಸೇಡಂನಲ್ಲೋ ಚಿತ್ತಾಪುರದಲ್ಲೋ ಒಬ್ಬ ಮೇಷ್ಟ್ರು ‘ಒಂಬತ್ತನೇ ಕ್ಲಾಸಿನವರಿಗೆ ಏನು ಓದಿಸಲಿ?’ ಎಂದು ಕೇಳಿದರೆ ಸಿಗುವ ಪಟ್ಟಿಗಳು ಎರಡೇ. ಒಂದು ಇಂಗ್ಲಿಷಿನ ಮಾಂತ್ರಿಕರ ಶಾಲೆ, ಡ್ರ್ಯಾಗನ್ನು, ಉಂಗುರಗಳ ಪಟ್ಟಿ. ಇನ್ನೊಂದು ಪ್ರತಿ ಕಥೆಯ ಕೊನೆಗೂ ಒಂದು ಬುದ್ಧಿವಾದ ಅಂಟಿಸಿಕೊಂಡ ನಮ್ಮದೇ ಪಟ್ಟಿ. ಮೊದಲನೆಯದನ್ನು ಓದಲು ಅಲ್ಲಿನ ಬಹುಪಾಲು ಮಕ್ಕಳಿಗೆ ಭಾಷೆ ಸಾಲದು, ಎರಡನೆಯದನ್ನು ಓದಲು ಮನಸ್ಸು ಬಾರದು.

ಹಾಗೆಂದು ಆ ಮಕ್ಕಳು ಅದ್ಭುತದ ಹಸಿವಿಲ್ಲದವರೇನಲ್ಲ. ಸೇಡಂ, ಚಿಂಚೋಳಿ ತೆಲಂಗಾಣದ ಗಡಿಗೆ ಅಂಟಿಕೊಂಡ ತಾಲ್ಲೂಕುಗಳು. ತೆಲುಗು ಸಿನಿಮಾ ಅಲ್ಲಿ ಮನೆಮಾತು. ಬಾಹುಬಲಿಯ ಮಾಹಿಷ್ಮತಿಯ ಬೀದಿಬೀದಿಯನ್ನೂ ಹೇಳಬಲ್ಲ ಹುಡುಗನಿಗೆ ತನ್ನದೇ ತಾಲ್ಲೂಕಿನ ಮಳಖೇಡದ ಕೋಟೆಯಲ್ಲಿ ಕೂತು ಆಳಿದ ರಾಷ್ಟ್ರಕೂಟ ದೊರೆಯನ್ನು ಒಂಬತ್ತನೆಯ ಶತಮಾನದ ಅರಬ್ ವ್ಯಾಪಾರಿ ಸುಲೈಮಾನ್ ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದು ಗೊತ್ತಿರುವುದಿಲ್ಲ. ತಪ್ಪು ಹುಡುಗನದಲ್ಲ. ಮಾಹಿಷ್ಮತಿಯನ್ನು ಅವನಿಗೆ ಯಾರೋ ಕಥೆಯಾಗಿ ಹೇಳಿದರು. ಮಾನ್ಯಖೇಟವನ್ನು ನಾವು ಎರಡು ಅಂಕದ ಪ್ರಶ್ನೆಯಾಗಿ ಕೇಳಿದೆವು.

ಈ ಸೀಮೆಗೆ ಅದ್ಭುತ ಕಥೆಗಳ ಪರಂಪರೆಯೇ ಇಲ್ಲವೆಂದೂ ಹೇಳುವಂತಿಲ್ಲ. 1948ರ ತನಕ ನಿಜಾಮರ ಆಡಳಿತದಲ್ಲಿದ್ದ ಈ ಭಾಗದಲ್ಲಿ ಶಾಲೆಯ ಭಾಷೆ ಉರ್ದು. ಆ ಉರ್ದುವಿನಲ್ಲಿ ಅಮೀರ್ ಹಂಜಾನ ದಾಸ್ತಾನುಗಳಿದ್ದವು. ಮಾಟದ ಕೋಟೆ, ವೇಷ ಮರೆಸುವ ಅಯ್ಯಾರರು, ಮುಗಿಯದ ಯುದ್ಧಗಳ ‘ತಿಲಿಸ್ಮ್-ಎ-ಹೋಶ್‌ರುಬಾ’ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಖನೌದಲ್ಲಿ ಸಂಪುಟ ಸಂಪುಟವಾಗಿ ಅಚ್ಚಾಯಿತು. ಮುಂದೆ 1949ರಲ್ಲಿ ಕನ್ನಡದ ಚಂದಮಾಮ ಶುರುವಾಯಿತು. ಅದರ ಮೂಲ ತೆಲುಗು, ತಮಿಳು. ದಾಸರಿ ಸುಬ್ರಹ್ಮಣ್ಯಂ ತೆಲುಗಿನಲ್ಲಿ ಬರೆದ ಮಾಂತ್ರಿಕರ ಧಾರಾವಾಹಿಗಳು, ಶಂಕರ್ ಬಿಡಿಸಿದ ಬೇತಾಳ ಹೊತ್ತ ವಿಕ್ರಮನ ಚಿತ್ರ ಎರಡು ಮೂರು ತಲೆಮಾರಿನ ಕಲ್ಪನೆಯನ್ನು ಬೆಳೆಸಿದವು. ಚಂದಮಾಮ ನಿಂತಿತು, ಉರ್ದು ಓದುವವರು ಕಡಿಮೆಯಾದರು. ಆ ಜಾಗಕ್ಕೆ ಪುಸ್ತಕ ಬರಲಿಲ್ಲ, ಮೊಬೈಲ್ ಬಂತು.

ಹಾಗಾದರೆ ಇವತ್ತು ಕನ್ನಡದಲ್ಲೇ ಏನು ಕೊಡಬಹುದು? ಪಟ್ಟಿ ಮಾಡುವ ಮೊದಲು ಒಂದು ಅಳತೆಗೋಲು ಬೇಕು. ನನ್ನ ಅಳತೆ ಮೂರು. ಕಥೆಯಲ್ಲಿ ನಿಜವಾದ ಅಪಾಯವಿರಬೇಕು, ಬರೆದವರು ಅದನ್ನು ಕೊನೆಗೆ ಕನಸೆಂದೋ ತಮಾಷೆಯೆಂದೋ ತಳ್ಳಿಹಾಕಬಾರದು. ಸಾಹಸ ನಡೆಯುವ ಜಾಗ ಕಥೆಗೆ ಅನಿವಾರ್ಯವಾಗಿರಬೇಕು, ಪರದೆಯ ಚಿತ್ರವಾಗಿರಬಾರದು. ಮೂರನೆಯದಾಗಿ, ಹೋದವರು ಹಿಂದಿರುಗುವಾಗ ಬೇರೆಯವರಾಗಿರಬೇಕು. ಆ ಬದಲಾವಣೆಯನ್ನು ಓದುಗರೇ ಕಂಡುಕೊಳ್ಳಬೇಕು, ಲೇಖಕರು ವಿವರಿಸಬಾರದು.

ಈ ಅಳತೆಗೆ ಮೊದಲು ನಿಲ್ಲುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಇದನ್ನು ಮಕ್ಕಳಿಗೆಂದು ಬರೆದದ್ದಲ್ಲ, ಆದರೆ ಹದಿನಾಲ್ಕರ ಓದುಗರಿಗೆ ಇದಕ್ಕಿಂತ ಒಳ್ಳೆಯ ಸಾಹಸ ಕಾದಂಬರಿ ಕನ್ನಡದಲ್ಲಿ ಕಡಿಮೆ. ಹಾರುವ ಓತಿಯೊಂದನ್ನು ಹುಡುಕಿ ಒಂದು ಗುಂಪು ಕಾಡಿಗೆ ಹೊರಡುತ್ತದೆ. ಗುಂಪಿನಲ್ಲಿ ಒಬ್ಬ ವಿಜ್ಞಾನಿ, ಒಬ್ಬ ರೈತ, ಒಬ್ಬ ಫೋಟೋಗ್ರಾಫರ್, ಬಿರಿಯಾನಿಗೆ ಹೆಸರಾದ ಕರಿಯಪ್ಪ, ಒಂದು ನಾಯಿ. ಇವರ ನಡುವೆ ಊರವರು ಲೆಕ್ಕಕ್ಕೇ ಇಡದ ಮಂದಣ್ಣ. ಓತಿಯನ್ನು ಕಂಡವನು ಅವನು. ಕರ್ವಾಲೊ ಎಂಬ ದೊಡ್ಡ ವಿಜ್ಞಾನಿ ಅವನ ಕಣ್ಣಿಗೆ ಕೊಡುವ ಗೌರವವೇ ಕಾದಂಬರಿಯ ಜೀವಾಳ. ಕ್ಲಾಸಿನಲ್ಲಿ ಹಿಂದಿನ ಬೆಂಚಿನವನೆಂದು ಹೆಸರು ಪಡೆದ ಹುಡುಗ ಇದನ್ನು ಓದಿದರೆ ಯಾರ ವಿವರಣೆಯೂ ಇಲ್ಲದೆ ಅವನಿಗೆ ವಿಷಯ ತಿಳಿಯುತ್ತದೆ.

ಎರಡನೆಯದು ಅವರದ್ದೇ ‘ಜುಗಾರಿ ಕ್ರಾಸ್’. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಒಂದು ದಿನದೊಳಗೆ ಸಿಕ್ಕಿಬೀಳುವ ಜಾಲದ ಕಥೆ. ಅದರೊಳಗೆ ಹಳೆಯ ಕಾವ್ಯವೊಂದರಲ್ಲಿ ಅಡಗಿದ ಸುಳಿವಿದೆ, ರೈಲಿದೆ, ಕೆಂಪು ಕಲ್ಲಿದೆ. ಪುಟ ತಿರುಗಿಸುವ ವೇಗ ‘ಕರ್ವಾಲೊ’ಗಿಂತ ಹೆಚ್ಚು, ತೂಕ ಸ್ವಲ್ಪ ಕಡಿಮೆ. ಕಥಾವಸ್ತುವಿನ ಎಳೆಗಳು ಕೊನೆಯ ಹೊತ್ತಿಗೆ ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ ಎಂಬ ತಕರಾರು ನನ್ನದು. ಆದರೆ ಪುಸ್ತಕವನ್ನೇ ಮುಟ್ಟದವರ ಕೈಗೆ ಮೊದಲು ಕೊಡಬೇಕಾದ್ದು ಇದನ್ನೇ. ಓದುವ ರೂಢಿ ಹಿಡಿದ ಮೇಲೆ ತೂಕದ ಮಾತು.

ತೇಜಸ್ವಿಯವರು ಕೆನೆತ್ ಆ್ಯಂಡರ್ಸನ್ ಬರಹಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆಯನ್ನೂ ಈ ಪಟ್ಟಿಗೆ ಸೇರಿಸುತ್ತೇನೆ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ ಕಾದಂಬರಿಗಳಲ್ಲ ನಿಜ. ಆದರೆ ರಾತ್ರಿಯ ಮಚಾನಿನ ಮೇಲೆ ಕೂತು ಸದ್ದಿಗಾಗಿ ಕಾಯುವುದು ಹೇಗಿರುತ್ತದೆಂದು ಇಷ್ಟು ಸರಳ ಕನ್ನಡದಲ್ಲಿ ಹೇಳಿದವರು ಕಡಿಮೆ. ಓದಿದ ಮೇಲೆ ಒಂದು ಚರ್ಚೆ ಆಗಲೇಬೇಕು. ಬಂದೂಕು ಹಿಡಿದವನ ಕಣ್ಣಿನಿಂದ ಕಾಡನ್ನು ನೋಡುವುದಕ್ಕೂ ‘ಕರ್ವಾಲೊ’ದ ತಂಡ ನೋಡುವುದಕ್ಕೂ ಏನು ವ್ಯತ್ಯಾಸ? ಹದಿನೈದರ ಮಕ್ಕಳು ಈ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರಿಸುತ್ತಾರೆ.

ಮಕ್ಕಳಿಗೆಂದೇ ಬರೆದ ಕಾದಂಬರಿಗಳಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಒಳ್ಳೆಯ ಬೆಳೆ ಬಂದಿದೆ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿ, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ 2022ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದವು. ಮುಳುಗಿದ ಊರು, ಮನೆಬಿಟ್ಟ ಹುಡುಗ, ಬಾವಲಿಗಳ ಗವಿ ಮೂರೂ ಸಾಹಸದ ಹಳೆಯ, ಗಟ್ಟಿ ಬೀಜಗಳು. ಇವುಗಳಲ್ಲಿ ಡಿಸೋಜರದು ನನಗೆ ಮುಖ್ಯವೆನಿಸುವುದು ಅದರ ಹಿಂದಿರುವ ಬದುಕಿನಿಂದ. ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿ, ನೀರು ಏರುವುದನ್ನು ಕಣ್ಣಾರೆ ಕಂಡವರು ಅವರು. ಮುಳುಗಡೆ ಅವರಿಗೆ ಕಲ್ಪನೆಯ ಅಟ್ಲಾಂಟಿಸ್ ಅಲ್ಲ. ಚಿತ್ತಾಪುರದ ಕಡೆಯ ಬೆಣ್ಣೆತೊರೆ, ಚಿಂಚೋಳಿಯ ಮುಲ್ಲಾಮಾರಿ ಹಿನ್ನೀರಿನ ಪಕ್ಕ ಬೆಳೆದ ಮಕ್ಕಳಿಗೆ ಇದು ದೂರದ ಕಥೆಯಾಗಿ ಕಾಣಲಾರದು.

ಹೆಣ್ಣುಮಕ್ಕಳ ಮಾತು ಬಂದಾಗ ನಮ್ಮ ಸಾಹಸ ಸಾಹಿತ್ಯ ಸೊರಗುತ್ತದೆ. ‘ಕರ್ವಾಲೊ’ದ ಕಾಡಿನ ತಂಡದಲ್ಲಿ ಒಬ್ಬ ಹೆಂಗಸೂ ಇಲ್ಲ. ‘ಜುಗಾರಿ ಕ್ರಾಸ್’ನಲ್ಲಿ ಗೌರಿ ಇದ್ದಾಳೆ, ಗಂಡನ ಜೊತೆಗೆ. ಒಬ್ಬಳೇ ಹೊರಡುವ ಹುಡುಗಿ ಬೇಕೆಂದರೆ ಬಹಳ ಹಿಂದಕ್ಕೆ, ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಗೆ ಹೋಗಬೇಕು. ಲೂಯಿ ಕ್ಯಾರಲ್‌ನ ಆಲಿಸ್ ಇಲ್ಲಿ ಪಾಪಚ್ಚಿ. ಹೆಸರನ್ನು ಬದಲಿಸಿದ ಕ್ಷಣದಲ್ಲೇ ಕಸ್ತೂರಿಯವರು ಆ ಬಿಲವನ್ನು ನಮ್ಮ ಹಿತ್ತಲಿಗೆ ತಂದರು. ಹದಿಮೂರಕ್ಕೆ ಇದು ಚಿಕ್ಕವರ ಪುಸ್ತಕವೆನಿಸಬಹುದು. ಆದರೆ ದೊಡ್ಡವರ ಅಧಿಕಾರದ ಮಾತು ಎಷ್ಟು ಅರ್ಥಹೀನವಾಗಿರಬಲ್ಲದೆಂದು ತೋರಿಸುವ ಕಥೆ ನಿಜಕ್ಕೂ ಹಿಡಿಸುವುದು ಆ ವಯಸ್ಸಿಗೇ.

ಹತ್ತನೆಯ ತರಗತಿ ಮುಗಿದ ಬೇಸಿಗೆ ರಜೆಗೆ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಇಡುತ್ತೇನೆ. ಮದಕರಿನಾಯಕನ ಕೊನೆಯ ದಿನಗಳ ಈ ದೊಡ್ಡ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶೀರ್ಷಿಕೆಯಲ್ಲೇ ದುರ್ಗ ಬೀಳುತ್ತದೆಂದು ಹೇಳಿಬಿಟ್ಟು, ಆಮೇಲೆ ನೂರಾರು ಪುಟ ಓದಿಸುವ ಧೈರ್ಯ ಅವರದು. ಯಾರು ಗೆಲ್ಲುತ್ತಾರೆ ಎಂಬುದಷ್ಟೇ ಸಾಹಸವೆಂದು ಮೊಬೈಲ್ ಆಟಗಳಿಂದ ಕಲಿತವರಿಗೆ, ಸೋಲು ಗೊತ್ತಿದ್ದೂ ನಿಲ್ಲುವವರ ಕಥೆ ಬೇರೆಯದೇ ರುಚಿ. ಮಾತು ಕೆಲವೆಡೆ ಅತಿಯಾಗಿ ಮೆರೆಯುತ್ತದೆ. ಅಂಥ ಕಡೆ ಪುಟ ಹಾರಿಸಿದರೆ ತ.ರಾ.ಸು. ಬೇಸರಪಡಲಾರರು.

ಇಲ್ಲಿಗೆ ಪಟ್ಟಿ ಮುಗಿಯಬಹುದಿತ್ತು. ಆದರೆ ಈ ಪುಸ್ತಕಗಳನ್ನು ಒಟ್ಟಿಗೆ ಮೇಜಿನ ಮೇಲಿಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಮೂಡಿಗೆರೆ, ಸಾಗರ, ಸಿದ್ದಾಪುರ: ಕನ್ನಡದ ಸಾಹಸಕ್ಕೆ ಸದಾ ಮಳೆ ಬೇಕು, ಕಾಡು ಬೇಕು, ಜಿಗಣೆ ಬೇಕು. ಬಯಲುಸೀಮೆಯ ಓದುಗ ತಿಳಿಯದೆಯೇ ಒಂದು ಪಾಠ ಕಲಿಯುತ್ತಾನೆ, ಕಥೆಗಳು ಘಟಿಸುವುದು ಬೇರೆಲ್ಲೋ, ತನ್ನ ಊರಲ್ಲಿ ತೊಗರಿ ಬೆಳೆಯುತ್ತದೆ, ಸಿಮೆಂಟ್ ಧೂಳು ಏಳುತ್ತದೆ, ಅಷ್ಟೇ. ಆ ಕಥೆಗಳಲ್ಲಿ ‘ಏನ್ ಮಾಡ್ಲಾಕತ್ತಿ?’ ಎಂದು ಯಾರೂ ಕೇಳುವುದಿಲ್ಲ.

ಇದಕ್ಕೊಂದು ಒಳ್ಳೆಯ ಪ್ರತಿವಾದವಿದೆ. ಅದ್ಭುತ ಕಥೆಯ ಕೆಲಸವೇ ದೂರಕ್ಕೆ ಒಯ್ಯುವುದಲ್ಲವೆ? ಮಳೆ ಕಾಣದವನಿಗೆ ಮಲೆನಾಡೇ ಮಾಯಾಲೋಕ. ಒಪ್ಪುತ್ತೇನೆ. ‘ಕರ್ವಾಲೊ’ ಶಹಾಬಾದಿನ ಹುಡುಗಿಗೆ ಕೊಡುವುದು ಕಾಡನ್ನಲ್ಲ, ನೋಡುವ ಬಗೆಯನ್ನು. ಅವಳ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಕೋಟ್ಯಂತರ ವರ್ಷಗಳ ಹಿಂದಿನ ಕಡಲ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ಓತಿಯ ರೆಕ್ಕೆಯಲ್ಲಿ ಕಾಲದ ಆಳವನ್ನು ಕಂಡ ಓದುಗಳು ತನ್ನ ಪಡಸಾಲೆಯಲ್ಲೂ ಅದನ್ನು ಕಾಣಬಲ್ಲಳು. ಆದರೆ ಲಂಡನ್ನಿನ ಮಗುವಿಗೆ ದೂರದ ಲೋಕಗಳೂ ಇವೆ, ಲಂಡನ್ನಿನಲ್ಲೇ ನಡೆಯುವ ನೂರು ಕಥೆಗಳೂ ಇವೆ. ದೂರ ಹೋಗುವ ಸುಖ ಪೂರ್ತಿ ಸಿಗುವುದು ಹೊರಡಲು ಒಂದು ಊರಿರುವವರಿಗೆ.

ಊರೇನೂ ಬಡವಾಗಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪವನ್ನು ಅಗೆದಾಗ ಹೆಸರು ಕೊರೆದ ಅಶೋಕನ ಉಬ್ಬುಚಿತ್ರವೇ ಎದ್ದು ಬಂತು. ‘ಜುಗಾರಿ ಕ್ರಾಸ್’ನ ಕಾವ್ಯದ ಸುಳಿವಿಗಿಂತ ಇದು ಯಾವುದರಲ್ಲಿ ಕಡಿಮೆ? ಚಿತ್ತಾಪುರದ ಬಗಲಿಗಿರುವ ನಾಗಾವಿಯ ಘಟಿಕಾಸ್ಥಾನದ 1058ರ ಶಾಸನ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಎಂದರೆ ಪುಸ್ತಕ ಕಾಯುವವರನ್ನು ಹೇಳುತ್ತದೆ. ಮಾಂತ್ರಿಕರ ಶಾಲೆಗೆ ಸಮುದ್ರ ದಾಟಬೇಕಿಲ್ಲ. ಶಹಾಬಾದಿನಿಂದ ವಾಡಿ ಜಂಕ್ಷನ್, ಅಲ್ಲಿಂದ ಸಿಕಂದರಾಬಾದಿನ ಹಳಿ ಹಿಡಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ರೈಲು ಮುಟ್ಟದ ಚಿಂಚೋಳಿಯಲ್ಲಿ 2011ರಲ್ಲಿ ವನ್ಯಧಾಮವಾದ ಕುರುಚಲು ಕಾಡು, ತೋಳ, ಕತ್ತೆಕಿರುಬ, ಲಂಬಾಣಿ ತಾಂಡಾಗಳ ಹಾಡು. ಒಂದು ಕಾದಂಬರಿಗೆ ಬೇಕಾದ ದಾರಿ ಪೂರ್ತಿ ಸಿದ್ಧವಾಗಿದೆ, ನಡೆಯುವವರು ಬೇಕು.

ಬರೆಯುವವರು ಯಾವಾಗ ಬರುತ್ತಾರೋ. ಅಲ್ಲಿಯವರೆಗೆ ಓದಿಸುವವರ ಕೈಯಲ್ಲಿ ಒಂದು ಕೆಲಸವಿದೆ. ಸ್ಟೀವನ್‌ಸನ್‌ನ ‘ಟ್ರೆಷರ್ ಐಲ್ಯಾಂಡ್’ ಹುಟ್ಟಿದ್ದು 1881ರ ಮಳೆಗಾಲದಂಥ ದಿನಗಳಲ್ಲಿ, ಅವನು ಮಲಮಗನ ಜೊತೆ ಕೂತು ಬರೆದ ಒಂದು ದ್ವೀಪದ ನಕ್ಷೆಯಿಂದ. ಮೊದಲು ನಕ್ಷೆ, ಆಮೇಲೆ ಕಥೆ. ಹಾಗಾಗಿ ನಿಮ್ಮ ಶಾಲೆಯಲ್ಲೋ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಮೊದಲು ‘ಜುಗಾರಿ ಕ್ರಾಸ್’, ಆಮೇಲೆ ‘ಬಾವಲಿ ಗುಹೆ’ಯೋ ಡಿಸೋಜರದೋ, ಅದರ ಬೆನ್ನಿಗೆ ‘ಕರ್ವಾಲೊ’ ಕೊಡಿ. ಓದಿ ಮುಗಿಸಿದವರನ್ನು ‘ಇದರ ನೀತಿ ಏನು?’ ಎಂದು ದಯವಿಟ್ಟು ಕೇಳಬೇಡಿ. ಒಂದು ಖಾಲಿ ಹಾಳೆ ಕೊಟ್ಟು ಊರ ನಕ್ಷೆ ಬರೆಯಲು ಹೇಳಿ. ನೀರು ತುಂಬಿದ ಹಳೆಯ ಕಲ್ಲುಗಣಿ ಎಲ್ಲಿದೆ, ಕಾಗಿಣಾ ಎಲ್ಲಿ ತಿರುಗುತ್ತದೆ, ರಾತ್ರಿ ಯಾರೂ ಹೋಗದ ದಾರಿ ಯಾವುದು, ಎಲ್ಲಿಗೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ, ಎಲ್ಲ ಗುರುತು ಮಾಡಲಿ. ಆ ಹಾಳೆಗಳನ್ನು ಅಂಕ ಹಾಕದೆ ಎತ್ತಿಡಿ. ನಾವು ಕಾಯುತ್ತಿರುವ ಕಾದಂಬರಿಕಾರ್ತಿ ಆ ಕೊನೆಯ ಬೆಂಚಿನಲ್ಲೇ ಕೂತಿರಬಹುದು.