ಕವಿಮನೆಗೊಬ್ಬ ಸಿಐಡಿ 999

ಕುಪ್ಪಳಿಯ ಕವಿಮನೆ, ರಾಜಕುಮಾರ್ ಅವರ ಬಾಂಡ್ ಸಿನಿಮಾಗಳು: ಈ ಎರಡರ ಹುಚ್ಚೂ ಒಬ್ಬನಿಗೇ ಹೇಗೆ ಹಿಡೀತು ಅಂತ ಬೆಂಗಳೂರಿನ ಆಫೀಸ್ ಗೆಳೆಯರು ಕೇಳ್ತಾರೆ. ಒಂದು ಸಾಹಿತ್ಯ, ಇನ್ನೊಂದು ಟೈಂಪಾಸ್ ಅನ್ನೋದು ಅವರ ಲೆಕ್ಕ. ನನಗೆ ಎರಡೂ ಇಷ್ಟವಾಗೋದು ಒಂದೇ ಕಾರಣಕ್ಕೆ, ಕತ್ತಲೆಗಾಗಿ.

1968ರ ‘ಜೇಡರ ಬಲೆ’ ನೋಡಿ. ಇಂಗ್ಲಿಷ್ ಬಾಂಡ್‌ಗೆ ಸುರಿಯೋ ದುಡ್ಡು ನಮ್ಮ ದೊರೈ-ಭಗವಾನ್ ಜೋಡಿಗೆ ಎಲ್ಲಿಂದ ಬರಬೇಕು? ಇದ್ದದ್ದು ಕಪ್ಪು-ಬಿಳುಪು, ಜೊತೆಗೆ ಸೂಟು ತೊಟ್ಟರೂ ವಿನಯ ಬಿಡದ ನಾಯಕ. ಖಳನ ಅಡ್ಡೆ ಅರ್ಧ ನೆರಳಲ್ಲಿರುತ್ತೆ, ಹಾಗಾಗಿ ಪ್ಲೈವುಡ್ ಗೋಡೆಯೂ ನಿಜವಾದ ಗೋಡೆ ಅನ್ನಿಸಿಬಿಡುತ್ತೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಹೊತ್ತಿಗೆ ಕಲರ್ ಬಂತು. ರಾಜ್ ಇಂಗ್ಲಿಷಲ್ಲಿ ಹಾಡಿದ್ದು ಕೇಳಿದರೆ ಈಗಲೂ ಮೈ ಜುಮ್ಮೆನ್ನುತ್ತೆ, ಸುಳ್ಳು ಹೇಳಲ್ಲ. ಆದರೆ ಎಲ್ಲವೂ ಬಟಾಬಯಲು. ಅಡ್ಡೆಯ ಬಲ್ಬುಗಳನ್ನ ಎಣಿಸಬಹುದು.

ಅಂದಹಾಗೆ, ಅದರ ಹಿಂದಿನ ವರ್ಷವಷ್ಟೇ ಇದೇ ಜೋಡಿ ಇದೇ ರಾಜ್ ಅವರನ್ನಿಟ್ಟುಕೊಂಡು ‘ಗಿರಿಕನ್ಯೆ’ ಮಾಡಿತ್ತು. ಕಾದಂಬರಿ ನಮ್ಮ ಕೊಡಗಿನ ಭಾರತೀಸುತರದ್ದು. ‘ಬಯಲುದಾರಿ’ಯೂ ಅವರದೇ. ಸಾಹಿತ್ಯಕ್ಕೊಂದು, ಟೈಂಪಾಸ್‌ಗೊಂದು ಅಂತ ಎರಡು ತಟ್ಟೆ ಇಡೋರು ಇದಕ್ಕೇನಂತಾರೋ.

ಶನಿವಾರಸಂತೆಯಿಂದ ಕೊಡ್ಲಿಪೇಟೆ, ಸಕಲೇಶಪುರ, ಮೂಡಿಗೆರೆ, ಕೊಪ್ಪ ದಾಟಿ ಕುಪ್ಪಳಿಗೆ ಹೋಗೋದು ನನಗೆ ತೀರ್ಥಯಾತ್ರೆ. ಮೂರಂತಸ್ತಿನ ಹೆಂಚಿನ ಮನೆ. ನಡುವಿನ ಅಂಗಳಕ್ಕೆ ಮೇಲಿಂದ ಬಿಸಿಲು ಸುರಿಯುತ್ತೆ, ಸುತ್ತಲಿನ ಕೋಣೆಗಳು ಮಬ್ಬು. ಕಂಬದ ಮರೆಯಲ್ಲಿ ನಿಂತವರು ನೆರಳಾಗಿಯಷ್ಟೇ ಕಾಣ್ತಾರೆ. ಕುವೆಂಪು ಕಾದಂಬರಿಗಳಲ್ಲಿ ದೊಡ್ಡ ಮನೆಯೊಳಗೆ ಯಾರೋ ಏನನ್ನೋ ಮುಚ್ಚಿಡ್ತಾ ಇರ್ತಾರಲ್ಲ, ಅದು ಅರ್ಥವಾಗಿದ್ದು ಆ ಮೆಟ್ಟಿಲ ಮೇಲೆ. ಅವರ ಮದುವೆಯ ಮಂಟಪವನ್ನೂ ಅಲ್ಲಿ ಕಾಪಾಡಿ ಇಟ್ಟಿದ್ದಾರೆ. ಚೆನ್ನಾಗಿದೆ, ಆದರೆ ನನ್ನ ಕಣ್ಣು ಪ್ರದರ್ಶನಕ್ಕಿಟ್ಟ ವಸ್ತುಗಳಿಗಿಂತ ಮೂಲೆಗಳ ಕಡೆಗೇ ಓಡುತ್ತೆ.

2015ರ ನವೆಂಬರ್‌ನಲ್ಲಿ ಅಲ್ಲಿಂದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದವು. “ನಿನ್ನ 999ನ ಕಳಿಸೋ” ಅಂತ ಗೆಳೆಯರ ಮೆಸೇಜು. ನಗು ಬರಲಿಲ್ಲ. ಕಳ್ಳತನ ಆದ ಮೇಲೆ ಯಾವ ಮ್ಯೂಸಿಯಮ್ಮಿಗಾದರೂ ಮೊದಲು ಹೊಳೆಯೋದು ಬೆಳಕು ಹಾಕಿಸೋದು. ಕಾವಲಿರಲಿ, ಕ್ಯಾಮೆರಾನೂ ಇರಲಿ. ಆ ಮೆಟ್ಟಿಲಿಗೆ ಮಾತ್ರ ಟ್ಯೂಬ್‌ಲೈಟ್ ಬೇಡ ಮಾರಾಯ್ರೆ.