ಟೋಪಿಗಳ ಪಟ್ಟಿಯೂ ಉಕ್ಕಿನ ಮೊಕದ್ದಮೆಯೂ

ಅಮೆರಿಕದ ಶಾಲೆಗಳಲ್ಲಿ ಅಧ್ಯಕ್ಷರ ಅಧಿಕಾರವನ್ನು ಕಲಿಸುವ ಕ್ರಮವೊಂದು ಬಹುಕಾಲದಿಂದ ಬೇರೂರಿದೆ. ಅಧ್ಯಕ್ಷರ ತಲೆಗೆ ಹಲವು ಟೋಪಿಗಳು: ರಾಷ್ಟ್ರದ ಮುಖ್ಯಸ್ಥ, ಆಡಳಿತದ ಮುಖ್ಯಸ್ಥ, ಸೇನೆಯ ಮಹಾದಂಡನಾಯಕ, ರಾಜತಂತ್ರದ ಮುಂದಾಳು, ಪಕ್ಷದ ನಾಯಕ. ರಾಜ್ಯಶಾಸ್ತ್ರಜ್ಞ ಕ್ಲಿಂಟನ್ ರಾಸಿಟರ್ 1956ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪಾತ್ರಗಳೇ ಪಠ್ಯಪುಸ್ತಕಗಳಿಗೆ ಇಳಿದುಬಂದಿವೆ. ಬಾಯಿಪಾಠಕ್ಕೆ ಸುಲಭ, ಪರೀಕ್ಷೆಗೂ ಅನುಕೂಲ. ಆದರೂ ಈ ಪಾಠ ಮಕ್ಕಳ ದಾರಿ ತಪ್ಪಿಸುತ್ತದೆ ಎಂದೇ ನನ್ನ ತೀರ್ಮಾನ. ಅಧಿಕಾರವೆಲ್ಲ ಒಬ್ಬರ ಸ್ವಂತ ಸೊತ್ತೆಂಬ ಭಾವನೆ ಇದರಿಂದ ಮೂಡುತ್ತದೆ. ಮಹಾದಂಡನಾಯಕರಾದರೂ ಯುದ್ಧ ಸಾರುವ, ಸೇನೆಗೆ ಹಣ ಮಂಜೂರು ಮಾಡುವ ಅಧಿಕಾರ ಕಾಂಗ್ರೆಸ್ಸಿನದು. ಅಧ್ಯಕ್ಷರು ಮಾಡಿಕೊಂಡ ಒಪ್ಪಂದಕ್ಕೆ ಸೆನೆಟ್ಟಿನ ಮೂರನೇ ಎರಡರಷ್ಟು ಮತ ಬೇಕು. ಟೋಪಿಯ ಪಾಠದಲ್ಲಿ ಈ ಹಂಚಿಕೆ ಅಡಿಟಿಪ್ಪಣಿಯಾಗಿಬಿಡುತ್ತದೆ.

ಇದಕ್ಕಿಂತ ಎಷ್ಟೋ ಮೇಲಾದ ಪಾಠ 1952ರ ಉಕ್ಕಿನ ಮೊಕದ್ದಮೆಯಲ್ಲಿದೆ. ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಜ್ಜಾಗಿದ್ದರು. ಏಪ್ರಿಲ್ 8ರ ರಾತ್ರಿ ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆದೇಶಿಸಿದರು. ಮುಷ್ಕರ ಮುಂದೂಡಿಸಲು 1947ರ ಟಾಫ್ಟ್-ಹಾರ್ಟ್‌ಲಿ ಕಾಯ್ದೆಯ ದಾರಿ ಇತ್ತು. ಟ್ರೂಮನ್ ಅದನ್ನು ಹಿಡಿಯಲಿಲ್ಲ. ಆ ಕಾಯ್ದೆ ಬಂದದ್ದೇ ಅವರ ವೀಟೊ ಮೀರಿ. ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರವನ್ನು ಅದರಲ್ಲಿ ಸೇರಿಸುವ ಪ್ರಸ್ತಾಪವನ್ನು ಕಾಂಗ್ರೆಸ್ ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ರೂಸ್‌ವೆಲ್ಟ್ ಇಲ್ಲವೇ ಟ್ರೂಮನ್ ನೇಮಿಸಿದವರು. ಆದರೂ ಜೂನ್ 2ರಂದು 6-3ರ ತೀರ್ಪು ಅಧ್ಯಕ್ಷರ ವಿರುದ್ಧ ಬಂತು. ಟ್ರೂಮನ್ ಕಾರ್ಖಾನೆಗಳನ್ನು ಹಿಂತಿರುಗಿಸಿದರು, ಮುಷ್ಕರ ಶುರುವಾಯಿತು.

ತರಗತಿಗೆ ತರಬೇಕಾದದ್ದು ಇದರಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಪ್ರತ್ಯೇಕವಾಗಿ ಬರೆದ ಸಹಮತದ ತೀರ್ಪು. ಅದರ ಪ್ರಕಾರ, ಕಾಂಗ್ರೆಸ್ಸಿನ ಒಪ್ಪಿಗೆಯಿದ್ದಾಗ ಅಧ್ಯಕ್ಷರ ಬಲ ಅತಿ ಹೆಚ್ಚು. ಕಾಂಗ್ರೆಸ್ ಸುಮ್ಮನಿದ್ದಾಗ ಅನಿಶ್ಚಿತ. ಅದರ ಇಚ್ಛೆಗೆ ವಿರುದ್ಧ ನಡೆದಾಗ ಅತಿ ಕಡಿಮೆ. ಕುಳಿತ ಕುರ್ಚಿ ಒಂದೇ, ಬಲ ಮಾತ್ರ ಏರಿಳಿಯುತ್ತದೆ. ರೂಸ್‌ವೆಲ್ಟರ ಅಟಾರ್ನಿ ಜನರಲ್ ಆಗಿದ್ದ ಇದೇ ಜಾಕ್ಸನ್ 1941ರಲ್ಲಿ ವಿಮಾನ ಕಾರ್ಖಾನೆಯೊಂದರ ವಶವನ್ನು ಸಮರ್ಥಿಸಿದ್ದರು ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ವಾದಿಸುವವರ ಜಾಗ ಬದಲಾದಾಗ ವಾದಕ್ಕೆ ಏನಾಗುತ್ತದೆ ಎಂಬ ಚರ್ಚೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ.

ಹೀಗಿದ್ದೂ ಕಾಲೇಜು ಮಟ್ಟದ ಎಪಿ ಗವರ್ನಮೆಂಟ್ ಕೋರ್ಸಿನ ಕಡ್ಡಾಯ ಮೊಕದ್ದಮೆಗಳ ಪಟ್ಟಿಯಲ್ಲಿ ಉಕ್ಕಿನ ಮೊಕದ್ದಮೆಯಿಲ್ಲ, 1974ರಲ್ಲಿ ನಿಕ್ಸನ್ ಟೇಪುಗಳನ್ನು ಹೊರತರಿಸಿದ ಮೊಕದ್ದಮೆಯೂ ಇಲ್ಲ. ಸಮರ್ಥ ಕಾರ್ಯಾಂಗ ಬೇಕೆಂದು ವಾದಿಸುವ ಹ್ಯಾಮಿಲ್ಟನ್ನರ ಎಪ್ಪತ್ತನೇ ಫೆಡರಲಿಸ್ಟ್ ಲೇಖನ ಮಾತ್ರ ಕಡ್ಡಾಯ. ಇದು ಗಂಭೀರ ಕೊರತೆ.

ಉಕ್ಕಿನ ಮೊಕದ್ದಮೆಯೊಂದನ್ನೇ ಕಲಿಸಿದರೂ ಸಾಲದು. ಕೋರ್ಟು ಯಾವಾಗಲೂ ತಡೆಯುತ್ತದೆ ಎಂಬ ಸುಳ್ಳು ಭರವಸೆ ಮಕ್ಕಳಲ್ಲಿ ಕೂತುಬಿಡುತ್ತದೆ. 1942ರ ಫೆಬ್ರವರಿಯಲ್ಲಿ ರೂಸ್‌ವೆಲ್ಟ್ ಹೊರಡಿಸಿದ 9066ನೇ ಆದೇಶದ ಬಲದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪೌರರೇ. ಕಾಂಗ್ರೆಸ್ ಕಾಯ್ದೆ ಮಾಡಿ ಬೆಂಬಲಕ್ಕೆ ನಿಂತಿತು. 1944ರ ಕೊರೆಮಾಟ್ಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 6-3ರಿಂದ ಸರ್ಕಾರದ ಪರ ನಿಂತಿತು. ಒಪ್ಪದ ಮೂವರಲ್ಲಿ ಜಾಕ್ಸನ್ ಒಬ್ಬರು. ಕಾಂಗ್ರೆಸ್ ಒಪ್ಪಿದರೆ ಬಲ ಹೆಚ್ಚು ಎಂದು ಮುಂದೆ ಬರೆದವರ ಕಣ್ಣೆದುರಿಗೇ ಆ ಬಲ ಇಷ್ಟು ದೊಡ್ಡ ಅನ್ಯಾಯ ಮಾಡಿತ್ತು. ಎರಡೂ ಮೊಕದ್ದಮೆಗಳನ್ನು ಜೊತೆಗಿಟ್ಟು ಓದಿಸದ ಪಾಠ ಅರ್ಧ ಪಾಠವೇ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಅಧ್ಯಕ್ಷರ ಅಧಿಕಾರದ ಈ ಪ್ರಶ್ನೆ ನೇರವಾಗಿ ಬಂದಿದೆ. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದಿದ್ದರೆ ಅಲ್ಲಿ ಹುಟ್ಟುವ ಮಗುವನ್ನು ಪೌರನೆಂದು ಪರಿಗಣಿಸಬಾರದು ಎಂದು 2025ರ ಜನವರಿ 20ರಂದು ಟ್ರಂಪ್ ಆದೇಶಿಸಿದರು; ಕೆಳಹಂತದ ಫೆಡರಲ್ ನ್ಯಾಯಾಲಯಗಳು ತಡೆ ಕೊಟ್ಟವು. ಎಚ್-1ಬಿ ಕುಟುಂಬಗಳ ಮಕ್ಕಳು ಕೂತಿರುವ ತರಗತಿಯಲ್ಲಿ ಶಿಕ್ಷಕರು ಇದನ್ನು ದಾಟಿ ಹೋಗಬಾರದು. ಹುಟ್ಟಿನಿಂದ ಬರುವ ಪೌರತ್ವದ ಕುರಿತ 1868ರ ಹದಿನಾಲ್ಕನೇ ತಿದ್ದುಪಡಿ, ಅದೇ ವಿಷಯದ 1898ರ ವಾಂಗ್ ಕಿಮ್ ಆರ್ಕ್ ತೀರ್ಪು, ತಿದ್ದುಪಡಿಯ ಮಾತನ್ನೇ ಮತ್ತೆ ಹೇಳಿದ 1952ರ ಕಾಯ್ದೆ, ಈ ಮೂರನ್ನೂ ಕೈಗೆ ಕೊಟ್ಟು, ಜಾಕ್ಸನ್ ಹೇಳಿದ ಯಾವ ಸ್ಥಿತಿಗೆ ಈ ಆದೇಶ ಸೇರುತ್ತದೆ ಎಂದು ಕೇಳಲಿ. ಉತ್ತರವನ್ನು ವಿದ್ಯಾರ್ಥಿಗಳೇ ಕಾರಣ ಸಹಿತ ಬರೆಯಲಿ.